ಟವೆಲಿನ ತೂಕ

ಅಡುಗೆಮನೆಯ ಮೇಜು,
ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು

ಪ್ರೀತಿಯ ಅಕ್ಕಾ,

ಸೊಂಟನೋವು ಹೇಗಿದೆ? ಹಡಗು ಹೊಯ್ದಾಡುವಾಗ ನಲವತ್ತು ಜನರ ಸಾರಿನ ಪಾತ್ರೆಯನ್ನು ಒಬ್ಬಳೇ ಎತ್ತಬೇಡ. ನಿನ್ನ ಸಹಾಯಕಿಯನ್ನು ಅಲ್ಲಿಟ್ಟಿರುವುದು ನಿನ್ನ ಬೈಗುಳ ಕೇಳುವುದಕ್ಕಲ್ಲ. ರಾತ್ರಿ ನಿದ್ದೆ ಬರುತ್ತದೆಯೇ? ನನ್ನದನ್ನು ಕೇಳಬೇಡ, ಆಮೇಲೆ ಹೇಳುತ್ತೇನೆ. ಎಣ್ಣೆಯ ಕಲೆಯಾದ ನಿನ್ನ ಪತ್ರ ಮೊನ್ನೆ ಬಂತು. ಅದರ ಒಂದು ಮೂಲೆಯನ್ನು ಬನ್ನಮ್ಮ ಆಗಲೇ ಚೀಪಿ ಮುಗಿಸಿದ್ದಾಳೆ. ಮಗಳಿಗೆ ಅವಳಪ್ಪ ಇಟ್ಟ ಮುದ್ದಿನ ಹೆಸರು ಅದು. ಬೇಕರಿಯವರಿಗೆ ಇನ್ನೇನು ಹೊಳೆಯುತ್ತದೆ ಹೇಳು.

ಇವರು ಕಳಿಸಿದ ಒಂದು ಸಾಲಿನ ಸಂದೇಶ ನೋಡಿ, "ಮೂರೇ ಜನ ಓದ್ತಿದ್ದ ಬ್ಲಾಗಿಗೆ ಮುನ್ನೂರು ಜನ ಎಲ್ಲಿಂದ ಉದುರಿದ್ರೇ? ಗುಟ್ಟು ಹೇಳು, ಹಡಗಿನ ಅಡುಗೆಮನೆ ಬಗ್ಗೆ ನಾನೂ ಒಂದು ಶುರು ಮಾಡ್ತೀನಿ" ಎಂದು ಕೇಳಿದ್ದೀಯಲ್ಲ. ಮೊದಲಿನ ಆ ಮೂವರು ಯಾರು ಗೊತ್ತಲ್ಲ? ಬಂದರಿಗೆ ಬಂದಾಗ ಓದುವ ನೀನು, ಇವರು, ಮತ್ತು ಮೊಬೈಲಿನಿಂದ ಒಮ್ಮೆ, ಕಂಪ್ಯೂಟರಿನಿಂದ ಒಮ್ಮೆ ನೋಡುವ ನಾನು! ಗುಟ್ಟು ಹೇಳುತ್ತೇನೆ, ಆದರೆ ಅದು ನನ್ನ ಜಾಣತನದ್ದಲ್ಲ, ಎಡವಟ್ಟಿನದು.

ಬಾಣಂತನದಲ್ಲಿ ಹೊತ್ತು ಹೋಗಲೆಂದು ನಾನು ಬರೆಯುತ್ತಿದ್ದದ್ದು ನಿನಗೆ ನೆನಪಿದೆಯಲ್ಲ, 'ಹೊಸ ತಾಯಂದಿರಿಗೆ ಹತ್ತು ಸೂತ್ರಗಳು', 'ಮಗುವಿನ ನಿದ್ದೆಗೆ ಏಳು ಮೆಟ್ಟಿಲು'. ತಲೆ ಬಾಚಿ, ಪೌಡರ್ ಹಚ್ಚಿ, ಫೋಟೋಕ್ಕೆ ಕೂರಿಸಿದಂಥ ಮಾತುಗಳು. ನಿದ್ದೆಗೆ ಏಳು ಮೆಟ್ಟಿಲು ಬರೆದ ವಾರ ನಾನು ಒಟ್ಟು ಹದಿನಾಲ್ಕು ಗಂಟೆ ಮಲಗಿದ್ದೆ. ಅದರ ಪಕ್ಕದಲ್ಲೇ ಇನ್ನೊಂದು ಕಡತವಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ. ಇವರು ಬೇಕರಿಯ ಹಳೆಯ ತಕ್ಕಡಿಯನ್ನು ಮನೆಗೆ ತಂದಿಟ್ಟಿದ್ದರು, ಹಿಟ್ಟು ತೂಗುವ, ಅಂಕಿ ತೋರಿಸುವಂಥದು. ಅದರ ತಟ್ಟೆ ತಣ್ಣಗೆಂದು ಮೇಲೆ ಟವೆಲ್ ಹಾಸಿ, ದಿನಾ ಬೆಳಿಗ್ಗೆ ಬನ್ನಮ್ಮನನ್ನು ಮಲಗಿಸಿ ತೂಗುತ್ತಿದ್ದೆ. ತೂಕ, ಹಾಲು ಕುಡಿದ ಹೊತ್ತು, ಒಗೆದ ಬಟ್ಟೆ, ಅತ್ತದ್ದು (ಅವಳೂ, ನಾನೂ) ಎಲ್ಲವನ್ನೂ ಬರೆದಿಡುತ್ತಿದ್ದೆ. ತೂಕ ಏರುವುದು, ಇದ್ದಕ್ಕಿದ್ದಂತೆ ಮುನ್ನೂರು ಚಿಲ್ಲರೆ ಗ್ರಾಂ ಇಳಿಯುವುದು, ಮತ್ತೆ ಏರುವುದು. ಇಳಿದ ದಿನ ನನ್ನ ಜೀವವೇ ಇಳಿದುಹೋಗುತ್ತಿತ್ತು. ನನ್ನ ಹಾಲು ಸಾಲುತ್ತಿಲ್ಲ, ನನ್ನ ಕೈಯಲ್ಲಿ ಈ ಮಗು ಉಳಿಯುವುದಿಲ್ಲ ಎಂದೇ ಅನ್ನಿಸಿತ್ತು ಅಕ್ಕಾ. ಇವರಿಗೂ ಹೇಳಲಿಲ್ಲ. ಡಾಕ್ಟರ ಬಳಿ ಹೋಗಲೂ ಹೆದರಿಕೆ. ಅವರ ಬಾಯಿಂದ ಅದನ್ನೇ ಕೇಳಿಬಿಟ್ಟರೆ?

ಕಳೆದ ತಿಂಗಳು ಒಂದು ಮಂಗಳವಾರ ಹೆಗಲ ಮೇಲೆ ಅವಳನ್ನು ಹಾಕಿಕೊಂಡು, ಒಂದೇ ಕೈಯಲ್ಲಿ ಹೊಸ 'ಸೂತ್ರ' ಪ್ರಕಟಿಸಲು ಹೋಗಿ, ಆ ಕಡತವನ್ನೇ ಪ್ರಕಟಿಸಿಬಿಟ್ಟೆ. ಹನ್ನೆರಡು ದಿನದ್ದು, ಇದ್ದದ್ದು ಇದ್ದ ಹಾಗೆ. ಗೊತ್ತಾದಾಗ ಮಧ್ಯಾಹ್ನ. ನಾಚಿಕೆಯಿಂದ ಅಳಿಸಲು ಹೋದರೆ ಕೆಳಗೆ ಓದಿದವರ ಹತ್ತೊಂಬತ್ತು ಮಾತುಗಳು ಬಂದು ಕೂತಿವೆ! ಯಾರೋ ಬಸ್ ಕಂಡಕ್ಟರು, "ಅಳಿಸ್ಬೇಡಿ ತಾಯಿ, ನನ್ನ ಹೆಂಡ್ತಿ ಓದಿ ಈಗಷ್ಟೇ ಊಟ ಮಾಡಿದ್ಲು" ಎಂದು ಬರೆದಿದ್ದರು. ಅವರ ಮನೆಯಲ್ಲೂ ಹೊಸ ಮಗುವಂತೆ. ಇನ್ನೊಬ್ಬಳು, "ನಿಮ್ಮ ಹತ್ತು ಸೂತ್ರಾನೂ ಓದಿದ್ದೆ, ನಮಸ್ಕಾರ ಹಾಕಿ ಹೊರಟಿದ್ದೆ. ಇವತ್ತು ಕೂತೆ" ಎಂದಳು. ಅವಳೇ ಅದನ್ನು ತನ್ನ ತಾಯಂದಿರ ಗುಂಪಿಗೆ ಹಂಚಿದ್ದಳಂತೆ, ಕೈಯಿಂದ ಕೈಗೆ ಹೋಗಿ ಮುನ್ನೂರಾಯಿತು.

ಅವಳು ಹೇಳಿದ್ದೇ ಸರಿ. ಎಲ್ಲ ಬಲ್ಲವಳಂತೆ ಬರೆದರೆ ಓದುವವರಿಗೆ ಕೂರಲು ಜಾಗವೇ ಇರುವುದಿಲ್ಲ. ನೀನು ಬರೆಯುವಾಗ 'ಹಡಗಿನಲ್ಲಿ ಅಡುಗೆ ಮಾಡುವ ಕ್ರಮ' ಎಂದು ಶುರು ಮಾಡಬೇಡ. ಅಲೆಗೆ ಸಾರು ಚೆಲ್ಲಿದ ದಿನ, ಎಷ್ಟು ಚೆಲ್ಲಿತು, ಯಾರ ಬೂಟಿನ ಮೇಲೆ, ಅದನ್ನು ಬರೆ. ಹೊಸಬರು ಯಾವ ದಿನ ಬಂದರೂ ನೀನು ಯಾರು, ಎಲ್ಲಿದ್ದೀಯ ಎಂದು ಒಂದು ಸಾಲಿನಲ್ಲಿ ತಿಳಿಯಬೇಕು. ಮಾತಾಡಿಸಿದವರಿಗೆ ತಿರುಗಿ ಮಾತಾಡು. ಇಷ್ಟೇ ನನಗೆ ತಿಳಿದದ್ದು.

ಆದರೆ ದೊಡ್ಡ ಮಾತು ಬಂದದ್ದು ಮಾರನೆಯ ದಿನ. ಲಾಂಡ್ರಿ ನಡೆಸುವ ಒಬ್ಬ ಅಜ್ಜಿ ಬರೆದರು: "ಮಗಾ, ನೀನು ದೊಡ್ಡ ಟವೆಲ್ ಒಗೆದು ಹಾಕ್ದೆ ಅಂತ ಬರೆದ ದಿನಾನೇ ಕೂಸು ಇಳಿದಿದೆ, ಮೂರು ಸಲಾನೂ. ಆ ದಿನ ಏನು ಹಾಸಿದ್ದೆ?" ಆ ಮೂರು ದಿನವೂ ತೆಳ್ಳಗಿನ ಹಳೆಯ ಪಂಚೆಯ ತುಂಡು! ಓಡಿ ಹೋಗಿ ಬರೀ ಟವೆಲನ್ನು ತೂಗಿದೆ, ನಾನೂರ ಇಪ್ಪತ್ತು ಗ್ರಾಂ. ಪಂಚೆ ಅರವತ್ತು. ಕಾಲೇಜಿನಲ್ಲಿ ಲೆಕ್ಕದಲ್ಲಿ ಮೊದಲು ಬಂದವಳು ನಾನು! ಆಯಾ ದಿನ ಹಾಸಿದ್ದರ ತೂಕ ಕಳೆದು ಮತ್ತೆ ಬರೆದು ನೋಡಿದರೆ ನನ್ನ ಬನ್ನಮ್ಮ ಒಂದು ದಿನವೂ ಇಳಿದಿಲ್ಲ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ಏರುತ್ತಲೇ ಬಂದಿದ್ದಾಳೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಹಾಗಾಯಿತು. ನೆಲದ ಮೇಲೆ ಕೂತು ಅತ್ತೆ, ಅವಳನ್ನು ನೋಡಿ ನಕ್ಕೆ. ಇವರು ಬೇಕರಿಯಿಂದ ಬಂದವರು ಎಲ್ಲ ಕೇಳಿ, ತಕ್ಕಡಿಯ ಮುಂದೆ ಕೈಮುಗಿದು, "ಅಮ್ಮಾವ್ರೇ, ಇದನ್ನ ವಾಪಸ್ ಒಯ್ಯಲಾ?" ಎಂದರು. ಆಮೇಲೆ ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಆ ವಾರವೇ ಡಾಕ್ಟರಿಗೂ ತೋರಿಸಿದೆವು. "ಚೆನ್ನಾಗಿ ಬೆಳೀತಿದಾಳೆ, ತಾಯಿ ಮಲಗ್ಬೇಕು ಅಷ್ಟೇ" ಎಂದರು. ಅವತ್ತು ರಾತ್ರಿ ಐದು ಗಂಟೆ ಮಲಗಿದೆ ಅಕ್ಕಾ, ಒಂದೇ ಸಮನೆ.

ಬನ್ನಮ್ಮ ಈಗ ಎದ್ದಳು. ನಿನ್ನ ಸಹಾಯಕಿಗೆ ನನ್ನ ನೆನಪು ತಿಳಿಸು, ಕ್ಯಾಪ್ಟನ್ನರಿಗೆ ನಮಸ್ಕಾರ. ಸಮುದ್ರ ನಿನ್ನ ಮಾತು ಕೇಳಿಕೊಂಡಿರಲಿ.

ನಿನ್ನ ಪುಟ್ಟಿ

ಮರೆತೆ: ಹಿಂದಿನ ಎರಡು ಪತ್ರಗಳಲ್ಲಿ 'ನಾವೆಲ್ಲ ಆರಾಮ' ಎಂದು ಬರೆದಿದ್ದೆನಲ್ಲ, ಅವೂ ಹತ್ತು ಸೂತ್ರಗಳ ಜಾತಿಯವೇ. ದಿನಾ ಪಾತ್ರೆಯ ತೂಕ ಕಳೆದು ಅಕ್ಕಿ ಅಳೆಯುವವಳು ನೀನು. ನಾನು ನಿಜ ಬರೆದಿದ್ದರೆ ನನ್ನ ತಪ್ಪನ್ನು ನೀನು ಒಂದೇ ಓದಿಗೆ ಹಿಡಿಯುತ್ತಿದ್ದೆ. ಹಡಗಿನಲ್ಲಿ ಬ್ಲಾಗು ತೆರೆಯುವುದಿಲ್ಲ ಎಂದೆಯಲ್ಲ, ಆ ಹನ್ನೆರಡು ದಿನಗಳನ್ನು ಮುದ್ರಿಸಿ ಇದರೊಳಗೆ ಇಟ್ಟಿದ್ದೇನೆ, ಓದು. ಮುಂದಿನ ರಜಕ್ಕೆ "ಬರ್ಲೇನೇ?" ಎಂದು ನೀನು ಕೇಳಿದ್ದಕ್ಕೆ, "ಯಾಕೆ ಸುಮ್ನೆ ತೊಂದ್ರೆ" ಎಂದಿದ್ದೆ. ಅದೂ ಸುಳ್ಳು. ಬಾ ಅಕ್ಕಾ. ಉಡುಗೊರೆ ಏನಾದರೂ ತಾ, ಟವೆಲ್ ಮಾತ್ರ ಬೇಡ.