ಬಲಕ್ಕೆ ಬಿದ್ದ ಹೂವು

ಸಕಲೇಶಪುರ
9 ಜುಲೈ 2025

ಪ್ರೀತಿಯ ಸೌಜಿಗೆ,

ನಿನ್ನ ಅಕ್ಕನ ನೆನಪುಗಳು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮೂರು ಹೆಗ್ಗದ್ದೆಯಲ್ಲಿ ಸಿಗ್ನಲ್ ಸಿಗುವುದು ಶಾಲೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಅಲ್ಲಿ ನೀನು ಹಲೋ ಅಂದರೆ ಅರ್ಧ ಊರಿನ ಕಿವಿ ನೆಟ್ಟಗಾಗುತ್ತದೆ, ಪಕ್ಕದಲ್ಲಿ ಅಪ್ಪ ಬೇರೆ. ಅದಕ್ಕೇ ಊರಿನ ಬಸ್ಸಿನ ಕಂಡಕ್ಟರ್ ಗುರು ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಪಿಯುಸಿಯಲ್ಲಿ ಅಷ್ಟು ಒಳ್ಳೆಯ ಅಂಕ ತೆಗೆದು, ಅಕ್ಕನ ಹಾಗೆ ಲ್ಯಾಬಿನ ಕೆಲಸವೇ ಬೇಕು ಅಂದಿದ್ದೀಯ. ಖುಷಿಯಾಯಿತು. ಆದರೆ ಮುಂದಿನ ಸಾಲನ್ನು ಎರಡೆರಡು ಸಲ ಓದಿದೆ. ಬರುವ ಸೋಮವಾರ ಅಪ್ಪ ಊರಿನ ಅಮ್ಮನವರ ಗುಡಿಯಲ್ಲಿ ಹೂವು ಕೇಳಿಸುತ್ತಾರಂತೆ, ನಾನು ಲ್ಯಾಬ್ ಡಿಪ್ಲೊಮಾ ಓದಿದ ಇಲ್ಲಿನ ಸಂಸ್ಥೆಗೇ ನಿನ್ನನ್ನೂ ಸೇರಿಸಲೇ ಎಂದು. ಅಲ್ಲೀಗ ಡಿಗ್ರಿಯನ್ನೂ ಶುರು ಮಾಡಿದ್ದಾರಂತೆ. ಅದನ್ನು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನನಗೂ ಹೀಗೇ ಕೇಳಿಸಿದ್ದರು. ನೀನಾಗ ಚಿಕ್ಕವಳು. ಪೂಜಾರಿ ದ್ಯಾವಯ್ಯ ಅಮ್ಮನವರ ಎರಡೂ ಭುಜಕ್ಕೆ ಒದ್ದೆ ಹೂವಿನೆಸಳು ಅಂಟಿಸಿದ. ಅಪ್ಪ ಕೈಮುಗಿದು, "ಮಗಳು ಮನೆ ಹತ್ರದಾಗೇ ಓದ್ಲಾ ತಾಯಿ? ಒಳ್ಳೇದಾಗಂಗಿದ್ರೆ ಬಲಗಡೆ ಕೊಡು" ಅಂದರು. ನೋಡುತ್ತಿದ್ದಂತೆ ಬಲಗಡೆಯ ಎಸಳು ಜಾರಿತು. "ಆಯ್ತಲ್ಲ ಗೌಡ್ರೆ, ಇನ್ನೇನೈತೆ ಯೋಚ್ನೆ" ಅಂದ ದ್ಯಾವಯ್ಯ. ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ದೇವರನ್ನೂ ಕೇಳಲಿಲ್ಲ, ಮನುಷ್ಯರನ್ನೂ ಕೇಳಲಿಲ್ಲ. ಕಾಫಿ ಒಣಗಿದೆಯೋ ಇಲ್ಲವೋ ಎಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡದೆ ಚೀಲ ಕಟ್ಟದ ಅಪ್ಪ, ಮಗಳ ಓದನ್ನು ಬಾಗಿಲ ಮೇಲಿನ ಬೋರ್ಡು ನೋಡಿ ಒಪ್ಪಿಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಕಣ್ಣಳತೆಯಲ್ಲಿರಲಿ ಅನ್ನುವ ಆಸೆ ಅದು, ಅಷ್ಟೇ.

ಅಲ್ಲಿದ್ದದ್ದು ಅಂಗಡಿಯ ಮೇಲಿನ ಎರಡು ಕೋಣೆ. ಇಡೀ ತರಗತಿಗೆ ಒಂದೇ ಮೈಕ್ರೋಸ್ಕೋಪು, ಅದರ ಬಲ್ಬೂ ಸುಟ್ಟಿತ್ತು. ರಕ್ತಕಣಗಳನ್ನು ನಾವು ಕಲಿತದ್ದು ಗೋಡೆಗೆ ಹಚ್ಚಿದ್ದ ಚಿತ್ರಪಟ ನೋಡಿ. ಹಾಸನದ ಆಸ್ಪತ್ರೆಯೊಂದಕ್ಕೆ ಕೆಲಸ ಕೇಳಲು ಹೋದಾಗ, ಲ್ಯಾಬಿನ ಮೇಡಂ ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕೆ ಮಾನ್ಯತೆನೇ ಇಲ್ವಲ್ಲಮ್ಮ, ರೋಗಿಗಳ ರಿಪೋರ್ಟ್ ನಿನ್ ಕೈಗೆ ಹೆಂಗ್ ಕೊಡ್ಲಿ?" ಅಂದರು. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದರು.

ಕೊನೆಗೆ ಕೆಲಸ ಕೊಟ್ಟವರು ಇಲ್ಲಿನ ಲ್ಯಾಬಿನ ದೇವೇಂದ್ರಣ್ಣ. ರಕ್ತ ತೆಗೆಯುವುದು ನಾನು, ಸಹಿ ಅವರದು. ಮೆಷಿನ್ ಹೇಳುವಷ್ಟಕ್ಕೆ ಭಯವಿಲ್ಲ. ಗಾಜಿನ ಸ್ಲೈಡಿಗೆ ರಕ್ತ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಮಾತ್ರ ಒಂದನ್ನೇ ಮೂರು ಮೂರು ಸಲ ನೋಡುತ್ತೇನೆ. ಇದು ಅದೇನಾ, ಅಲ್ಲವಾ? ಎಸ್ಟೇಟಿನ ಕೂಲಿ ಲೈನಿನ ಭೂತಮ್ಮ ಜ್ವರದಲ್ಲಿ ಬಂದು ತೋಳು ಚಾಚಿ, "ನೀನೇ ನೋಡ್ಬುಡವ್ವ, ನಿನ್ ಕೈಗುಣ ಚೆಂದಾಗೈತೆ" ಅಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅದಕ್ಕೇ ಹೇಳುತ್ತೇನೆ ಕೇಳು. ಯಾವ ಕಾಲೇಜಾದರೂ ಸರಿ, ವಿಶ್ವವಿದ್ಯಾಲಯದವರು ಅದನ್ನು ಒಪ್ಪಿದ್ದಾರೋ ಇಲ್ಲವೋ ನೀನೇ ವಿಚಾರಿಸು, ಅವರು ಹಂಚುವ ಬಣ್ಣದ ಹಾಳೆಯನ್ನು ನಂಬಬೇಡ. ಮಕ್ಕಳ ಕೈಗೆ ನಿಜವಾದ ಸ್ಲೈಡ್ ಕೊಡುತ್ತಾರಾ, ಜೊತೆಗೊಂದು ಆಸ್ಪತ್ರೆ ಇದೆಯಾ ಎಂದು ಅಲ್ಲಿ ಓದುವ ಹುಡುಗಿಯರನ್ನೇ ಕೇಳು. ನೀನು ಬರೆದಿದ್ದ ಮಂಗಳೂರಿನ ಕಾಲೇಜಿನ ಬಗ್ಗೆ ನಾನು ವಿಚಾರಿಸಿದೆ, ಮಾನ್ಯತೆ ಇದೆ. ದೂರ, ಘಾಟಿ ಇಳಿಯಬೇಕು, ಅವ್ವನಿಗೆ ಹೆದರಿಕೆ. ಆದರೂ ಇಳಿ. ಅಪ್ಪ ಹೂವು ಕೇಳಿಸುವುದನ್ನು ತಡೆಯಬೇಡ, ನೊಂದುಕೊಳ್ಳುತ್ತಾರೆ. ಮಾನ್ಯತೆ ಇರುವ ಕಾಲೇಜುಗಳನ್ನು ಮಾತ್ರ ಅಮ್ಮನವರ ಮುಂದಿಡಲಿ. ಕೇಳಿದ್ದಕ್ಕಷ್ಟೇ ಅವಳು ಉತ್ತರ ಕೊಡುವುದು.

ಮೊನ್ನೆ ಪೇಟೆಗೆ ಬಂದ ಅವ್ವ ಲ್ಯಾಬಿಗೂ ಬಂದಿದ್ದಳು. "ಯಾಕೋ ಸುಸ್ತು ಕಣೆ, ನಾಕ್ ಮೆಟ್ಲು ಹತ್ತಿದ್ರೆ ಉಸ್ರು ಕಟ್ತೈತೆ" ಅಂತ ನಗುತ್ತಲೇ ಕೂತಳು. ಟೀ ಕುಡಿಸಿ ಬಸ್ ಹತ್ತಿಸಿದೆ. ಅವಳಿಗೆ ಸೌದೆ ಹೊರಲು ಬಿಡಬೇಡ. ಬೈದರೆ ಬೈಸಿಕೋ.

ಚೆನ್ನಾಗಿ ಓದು ಮರಿ. ನೀನು ನೋಡಿದ ರಿಪೋರ್ಟಿನ ಕೆಳಗೆ ನಿನ್ನದೇ ಸಹಿ ಬೀಳಲಿ, ಅದನ್ನು ಹಾಕುವಾಗ ನಿನಗೆ ಯಾವ ಅನುಮಾನವೂ ಇರದಿರಲಿ. ಅಮ್ಮನವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಬಿಂದುಶ್ರೀ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಮೊನ್ನೆ ಅವ್ವನ ರಕ್ತ ತೆಗೆದು ನಾನೇ ನೋಡಿದೆ. ಇರಬಾರದ ಕಣಗಳು ಕಂಡವು, ಆ ಚಿತ್ರಪಟದಲ್ಲಿ ಕ್ಯಾನ್ಸರ್ ಎಂದು ಬರೆದ ಕಡೆ ಇದ್ದಂಥವು. ದೇವೇಂದ್ರಣ್ಣ ಊರಲ್ಲಿಲ್ಲ. ಹಾಸನದ ಅದೇ ಮೇಡಂಗೆ ಫೋನ್ ಮಾಡಿ ಬೇಡಿಕೊಂಡು, ಸ್ಲೈಡನ್ನೂ ಉಳಿದ ರಕ್ತವನ್ನೂ ಅವರಿಗೆ ಕಳಿಸಿದ್ದೇನೆ. ನಾಳೆ ಹೇಳುತ್ತಾರಂತೆ. ಅವ್ವನಿಗೂ ಅಪ್ಪನಿಗೂ ಈಗಲೇ ಹೇಳಬೇಡ. ನನಗೆ ಸರಿಯಾಗಿ ನೋಡಲು ಯಾರೂ ಕಲಿಸಲಿಲ್ಲ ಸೌಜಿ. ನಾನು ಕಂಡದ್ದು ತಪ್ಪಾಗಿರಲಿ, ನನಗೆ ಏನೂ ಬರದೇ ಇರಲಿ ಎಂದು ಮೊನ್ನೆಯಿಂದ ಕೈಮುಗಿಯುತ್ತಿದ್ದೇನೆ.