ಆರುಮುಗಂನ ಬಿಲ್ಲೆ ಹಿಡಿದು ಇಳಿದ ದಿನ

ನಂದಿದುರ್ಗ ಲೈನ್, ಕೆ.ಜಿ.ಎಫ್.
9-11-2025, ಭಾನುವಾರ

ಮುದ್ದಿನ ಮೊಮ್ಮಗಳು ಸುಮಿತಾಳಿಗೆ ತಾತನ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಹೋದ ವಾರ ಫೋನಿನಲ್ಲಿ ನಿನ್ನ ಮುಖ ನೋಡಿ ಅಜ್ಜಿ ಹೆದರಿಬಿಟ್ಟಳು, ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತಂತೆ. ನಾವೆಲ್ಲ ಕ್ಷೇಮ. ನನ್ನ ಕೆಮ್ಮು ಎಂದಿನಂತೆ ಇದೆ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾನು ಫೋನ್ ಮಾಡಿದರೆ 'ಲ್ಯಾಬಲ್ಲಿದ್ದೀನಿ ತಾತ, ಆಮೇಲೆ ಮಾಡ್ತೀನಿ' ಎನ್ನುತ್ತೀಯ. ನಿನ್ನ ಆ 'ಆಮೇಲೆ' ಬರುವುದೇ ಇಲ್ಲ. ಅದಕ್ಕೇ ಕಾಗದ ಹಿಡಿದೆ. ಇದನ್ನು ನಡುವೆ ಕಟ್ ಮಾಡಲು ನಿನ್ನಿಂದ ಆಗದು.

ಮೊದಲು ನಿನ್ನ ಅಪ್ಪ ಮುನಿರಾಜ್ ಬರೆಸಿದ್ದು. ಮೈಸೂರಿನಲ್ಲಿ ನಿನಗೆ ಸಿಕ್ಕಂಥ ಎಂ.ಎಸ್ಸಿ. ಸೀಟು ಸಿಗುವುದು ಸುಲಭವಲ್ಲವಂತೆ. ನೀರು ಪರೀಕ್ಷೆಯ ಲ್ಯಾಬಿನಲ್ಲಿ ಸಿಕ್ಕಿರುವ ಇಂಟರ್ನ್‌ಶಿಪ್ ಬಿಡಬಾರದಂತೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದು ಹದಿನೈದು ದಿನ ಹಾಳುಮಾಡಿಕೊಳ್ಳುವ ಬದಲು ಅಲ್ಲೇ ಇದ್ದು ಪೂರ್ತಿ ದಿನ ಕೆಲಸ ಮಾಡಬೇಕಂತೆ. ಬರೆದೆ. ಇಷ್ಟು ಬರೆಸಿ ಅವನು ಲಕೋಟೆ ತರಲು ಆಂಡರ್ಸನ್‌ಪೇಟೆಗೆ ಹೋದ. ದಸರೆಗೂ ನೀನು ಬರಲಿಲ್ಲ ಎಂಬುದು ಅವನ ನೆನಪಿನಲ್ಲೇ ಇದ್ದಂತಿಲ್ಲ.

ಇನ್ನು ನನ್ನ ಮಾತು. ಲ್ಯಾಬಿಗೆ ಹೋದ ದಿನ ಕ್ಲಾಸಿನಲ್ಲಿ ನಿನ್ನ ಹೆಸರು ಕೂಗಿದರೆ ಗೆಳತಿ ಶಶಿರೇಖ ಹಾಜರಿ ಹೇಳುತ್ತಾಳೆಂದು ನಕ್ಕೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ಆ ಕಳ್ಳಾಟ ನಾನೂ ಆಡಿದವನೇ. ಗಣಿಗೆ ಇಳಿಯುವಾಗ ಒಬ್ಬೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು, ಮೇಲೆ ಬಂದಾಗ ವಾಪಸು ಕೊಡಬೇಕಿತ್ತು. ಯಾರ ಬಿಲ್ಲೆ ಬಂದಿಲ್ಲವೋ ಅವರು ಒಳಗಿದ್ದಾರೆಂದು ಲೆಕ್ಕ. ನಿನ್ನ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಊರಿನ ರಾಗಿ ಕೊಯ್ಲಿಗೆ ನನಗೆ ಶನಿವಾರ ಬಿಡುವು ಬೇಕಿತ್ತು. ಜೊತೆಗಾರ ಆರುಮುಗಂಗೆ ಗುರುವಾರ ಹೆಂಡತಿಗೆ ಹೇಳದೆ ಬಂಗಾರಪೇಟೆಯ ಟಾಕೀಸಿಗೆ ಹೋಗಬೇಕಿತ್ತು. ಒಬ್ಬರ ಪಾಳಿ ಇನ್ನೊಬ್ಬರು ಮಾಡುವುದೆಂದು ಮಾತಾಯಿತು. ಗುರುವಾರ ಬೆಳಗಿನ ನನ್ನ ಪಾಳಿ ಮುಗಿಸಿ, ನನ್ನ ಬಿಲ್ಲೆ ಕೊಟ್ಟು, ಮಧ್ಯಾಹ್ನ ಅವನದನ್ನು ಹಿಡಿದು ಮತ್ತೆ ಇಳಿದೆ. ನಿನ್ನ ಹಾಗೆಯೇ, ಎರಡನ್ನೂ ನಿಭಾಯಿಸುತ್ತೇನೆಂಬ ಜಂಬ.

ನಾಲ್ಕು ಗಂಟೆಗೆ ಒಳಗೆ ಬಂಡೆ ಸಿಡಿಯಿತು. ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಗಳು ಉರುಳಿದವಂತೆ, ಹೆಂಗಸರೆಲ್ಲ ಓಡಿಬಂದರಂತೆ. ಬಿಲ್ಲೆ ಬಾರದವರ ಹೆಸರು ಓದಿದರು. ಆರುಮುಗಂ ಹೆಸರಿತ್ತು, ನನ್ನದಿರಲಿಲ್ಲ. ನಾನು ರಾಬರ್ಟ್‌ಸನ್‌ಪೇಟೆ ಸುತ್ತಲು ಹೋಗಿರಬೇಕೆಂದುಕೊಂಡ ನಿನ್ನ ಅಜ್ಜಿ, ಗೋಳಾಡುತ್ತಿದ್ದ ಆರುಮುಗಂನ ಹೆಂಡತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎರಡು ಗಂಟೆ ಸಮಾಧಾನ ಮಾಡಿದಳು. ಒಳಗಿರುವವನು ತನ್ನ ಗಂಡನೆಂದು ಅಜ್ಜಿಗೆ ಗೊತ್ತೇ ಇಲ್ಲ. ಸಂಜೆ ನಮ್ಮನ್ನು ಮೇಲೆ ತಂದಾಗ ನನ್ನನ್ನು ನೋಡಿ ಅವಳು ಅಳಲಿಲ್ಲ. 'ನೀನು ಎಲ್ಲಿದ್ದೀಯ ಅಂತಾನೂ ನಂಗೆ ಗೊತ್ತಾಗ್ದಂಗೆ ಸತ್ತೋಗ್ತಿದ್ದಲ್ಲ' ಎಂದಳು. ಆಮೇಲೆ ಮಾತು ಬಿಟ್ಟಳು. ಶನಿವಾರದ ಕೊಯ್ಲಿಗೂ ಒಬ್ಬಳೇ ಹೋದಳು. ಇದನ್ನೆಲ್ಲ ನಿನ್ನ ಅಪ್ಪನಿಗೂ ಹೇಳಿಲ್ಲ, ನೀನೂ ಹೇಳಬೇಡ.

ಲ್ಯಾಬಿನ ಮೇಡಂ ಹತ್ತಿರ ಹೋಗಿ, ಕ್ಲಾಸಿಲ್ಲದ ಎರಡು ದಿನ ಮಾತ್ರ ಬರುತ್ತೇನೆಂದು ಕೇಳು. ಕೇಳಿದರೆ ಗಂಟೇನು ಹೋಗುತ್ತದೆ? ಒಪ್ಪದಿದ್ದರೆ ಬೇಸಿಗೆಯಲ್ಲಿ ಮಾಡಿದರಾಯಿತು. ಹೆಸರು ಎಲ್ಲಿರುತ್ತದೋ ಅಲ್ಲಿ ನೀನೂ ಇರು. ಭಾನುವಾರ ಪುಸ್ತಕ ಮುಚ್ಚಿ, ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗು. ರಜೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಒತ್ತಾಯ ಮಾಡುವವನಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ, ಅದು ಬೇರೆ ಮಾತು.

ಅಜ್ಜಿ ನಿನ್ನ ತಲೆ ಸವರಿದಳೆಂದು ತಿಳಿ. ಶಶಿರೇಖಳಿಗೂ ನನ್ನ ಆಶೀರ್ವಾದ ಹೇಳು, ಅವಳ ಮೇಲೆ ಕೋಪವಿಲ್ಲ.

ಇಂತಿ ನಿನ್ನ ತಾತ,
ಮುನಿಸ್ವಾಮಪ್ಪ

ವಿ.ಸೂ.: ನಿನ್ನ ಅಪ್ಪ ಬಾಗಿಲಿಗೆ ಬಂದ, ಬೇಗ ಬರೆಯುತ್ತೇನೆ. ನಿನಗೆ ಬಿಟ್ಟದ್ದು ಎಂದದ್ದು ಬರೀ ಬಿಂಕ. ದಸರೆಯ ವಾರವೆಲ್ಲ ದಿನಾ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ, ಪೇಪರ್ ಓದಲು ಹೋಗಿದ್ದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಇನ್ನೊಂದು ಸಲ ಹಾಗೆ ಕಾಯುವ ತ್ರಾಣ ನನಗಿಲ್ಲ ಮಗಳೇ. ನಾಲ್ಕೇ ದಿನಕ್ಕಾದರೂ ಬಾ. ಯಾವ ಬಸ್ಸಿಗೆ ಎಂದು ಮೊದಲೇ ತಿಳಿಸು.