ತುರ್ತಿಗೆ ಹಾಕಿಕೊಂಡ ನಂಬರ್

ಸೊರಬ, ತವರುಮನೆ

ತೀರ್ಥೇಶ್ ಅವರಿಗೆ,

ನನ್ನ ಮೊಬೈಲಿನ ತುರ್ತು ಸಂಪರ್ಕದಿಂದ ತಂಗಿಯ ನಂಬರ್ ಅಳಿಸಿ, "ಗಂಡ ಇರೋವಾಗ ಅವಳ್ಯಾಕೆ?" ಎಂದು ನಿಮ್ಮದನ್ನು ಹಾಕಿದವರು ನೀವೇ. ಈಸೂರಿನ ಹತ್ತಿರ ಸ್ಕೂಟಿಯಿಂದ ಬಿದ್ದು ನಾನು ಎಚ್ಚರ ತಪ್ಪಿದಾಗ, ಗದ್ದೆಯಿಂದ ಓಡಿಬಂದ ತುಂಗಮ್ಮ ಆ ನಂಬರಿಗೇ ಫೋನ್ ಮಾಡಿದರು. "ನಿಮ್ ಹೆಂಡ್ತಿ ತಲೆಯಿಂದ ರಕ್ತ ಸುರೀತೈತ್ರೀ" ಎಂದರೆ, "ಸ್ಕೂಟಿಗೇನಾಗೈತಿ?" ಎಂದು ಕೇಳಿದಿರಂತೆ. ಆಮೇಲೆ, "ಮನೇಲಿ ನೆಂಟರಿದಾರೆ, ಸಂಜೆ ಬರ್ತೀನಿ" ಎಂದಿರಂತೆ. ವಾರವಾಯಿತು, ನಿಮಗಿನ್ನೂ ಸಂಜೆಯಾಗಿಲ್ಲ, ಪಾಪ.

ಆಸ್ಪತ್ರೆಯಲ್ಲಿ ನನಗೆ ಗಂಜಿ ಕುಡಿಸಿದವರು ತುಂಗಮ್ಮ. ಇನ್ನು ನಾನು ಶಿಕಾರಿಪುರದ ಆ ಮನೆಗೆ ಬರುವುದಿಲ್ಲ.

ನಿಮ್ಮ ಮೊಬೈಲಿನಲ್ಲಿರುವ ನನ್ನ ನಂಬರನ್ನು ಇವತ್ತೇ ಅಳಿಸಿ. ನಿಮಗೇನೋ ಆಯಿತೆಂದು ಯಾರಾದರೂ ಕರೆದರೆ ನಾನು ಓಡಿ ಬಂದುಬಿಡುತ್ತೇನೆ. ನಿಮ್ಮಂಥವರಿಗಾಗಿ ಓಡಿದೆನಲ್ಲಾ ಎಂದು ಆಮೇಲೆ ನನಗೇ ಹೇಸಿಗೆಯಾಗುತ್ತದೆ.

ಇಂತಿ,
ವಾಣಿಶ್ರೀ